ಏಪ್ರಿಲ್‌ವರೆಗೆ

ಹೊರಗೆ ಮೈನಸ್ ಇಪ್ಪತ್ತನಾಲ್ಕು.
ಒಳಗೆ ಬಾಯ್ಲರುಗಳ ಗೊರಕೆ.
ರೆಜೆಕ್ನೆ ಊರಿನ ಎಂಟು ಸಾವಿರ ಮನೆಗಳ ಕಾವು
ಮೂಲೆಯ ಒಂದು ಬೂದು ಡಬ್ಬಿಯ ಕೈಯಲ್ಲಿದೆ.

ಡಬ್ಬಿಯ ನೆತ್ತಿಗೆ ಚೀಟಿ, ಅಂಟು ಹಳದಿಗಟ್ಟಿದೆ:
ಮುಟ್ಟಬೇಡಿ. ಸಹಿ, ಝೆಂತಾ.
ಝೆಂತಾ ತೀರಿಕೊಂಡು ಆರು ಚಳಿಗಾಲ;
ಅಪ್ಪಣೆ ಇನ್ನೂ ಜಾರಿಯಲ್ಲಿದೆ.

ಎದ್ದು ಎಷ್ಟು ದಿನವಾಯಿತೆಂದು ಕೇಳಿದರೆ
ಪರದೆ ಹೇಳುತ್ತದೆ: ನಾಲ್ಕು ಸಾವಿರದ ನೂರ ಎಂಟು.
ಅಷ್ಟು ದಿನ ಒಂದೇ ಸಮ ನಾನು
ಯಾವ ಕೆಲಸದಲ್ಲೂ, ಎರಡು ಮದುವೆಗಳಲ್ಲೂ
ನಿಂತವನಲ್ಲ.

ರಿಗಾದಿಂದ ಬಂದ ಎಲ್ವೀರಾ ಕಂಡವಳೇ ಬೆಚ್ಚಿದಳು.
ಈ ಆಪರೇಟಿಂಗ್ ಸಿಸ್ಟಮ್ಮನ್ನು ಹೆತ್ತ ಕಂಪನಿಯೇ
ಮರೆತು ಒಂಬತ್ತು ವರ್ಷ, ವಾಲ್ಡಿಸ್!
ಮೈಯೆಲ್ಲ ತೂತು. ಜರಡಿಯಲ್ಲಿ ನೀರು ಹೊರುತ್ತಿದ್ದೀರಿ.

ಜರಡಿ ನಿಜ, ನೀರಿಗಿಳಿಸಿಲ್ಲ, ಎಂದೆ.
ಹೊರಗಿನ ಒಂದು ತಂತಿಯೂ ಇದಕ್ಕೆ ಸೋಕಿಲ್ಲ.
ಗಂಟೆಗೊಮ್ಮೆ ಅಂಕಿಗಳನ್ನು ಪೆನ್ಸಿಲಿನಲ್ಲಿ ಬರೆದುಕೊಂಡು
ಆಚೆ ಕೋಣೆಯ ಹೊಸ ಯಂತ್ರಕ್ಕೆ ನಾನೇ ಉಣಿಸುತ್ತೇನೆ.
ಕಳ್ಳ ಬರುವುದಿದ್ದರೆ ಬೂಟು ತೊಟ್ಟು, ಹಿಮ ತುಳಿದು,
ಗೇಟಿನ ನಾಯಿಯನ್ನು ಒಪ್ಪಿಸಿ ಬರಬೇಕು.
ನಿನ್ನ ಹೊಸದೋ, ಮಂಗಳವಾರ ರಾತ್ರಿ
ತನ್ನಿಷ್ಟಕ್ಕೆ ಮಲಗಿ ಏಳುತ್ತದೆ ಅಪ್‌ಡೇಟಿನ ನೆಪದಲ್ಲಿ.
ಹನ್ನೊಂದು ನಿಮಿಷ! ಈ ಚಳಿಗೆ
ತುದಿಮನೆಯ ಪೈಪು ಕಾಯುವುದಿಲ್ಲ.

ಅವಳು ವಾದಿಸಲಿಲ್ಲ. ಕೋಟು ಬಿಚ್ಚುತ್ತ ಕೇಳಿದಳು:
ಓಡುತ್ತಿದೆ, ಸರಿ.
ಬಿದ್ದರೆ ಏಳುತ್ತದೆಯೇ?

ಟೇಪುಗಳಿವೆಯಲ್ಲ, ಎಂದೆ.
ಪ್ರತಿ ಭಾನುವಾರ ಹೊಸದು ತುರುಕಿ, ತಾರೀಖು ಬರೆದು,
ಸಹಿ ಹಾಕಿ ಕಬ್ಬಿಣದ ಕಪಾಟಿನಲ್ಲಿಡುತ್ತೇನೆ.
ತೆರೆದು ನೋಡಿದ್ದೀರಾ ಎಂದಳು.
ಚಹಾ ಆರುತ್ತಿತ್ತು. ಕುಡಿದೆ.

ಉಗ್ರಾಣದಿಂದ ಇದರದೇ ತಂಗಿಯಂಥ ಇನ್ನೊಂದು ಡಬ್ಬಿ ತಂದು
ಧೂಳು ಊದಿ, ರಾತ್ರಿ ಎರಡಕ್ಕೆ ಟೇಪು ಹಾಕಿದೆವು.
ಗಿರ್ರೆಂದಿತು. ನಿಂತಿತು.
ಫೋಲ್ಡರಿದೆ. ಒಳಗೆ ಸೊನ್ನೆ.
ಹಿಂದಿನ ವಾರದ್ದು: ಸೊನ್ನೆ. ಹಿಂದಿನ ವರ್ಷದ್ದು.
ಕೊನೆಯ ಚಳಿಗಾಲ ಝೆಂತಾಳೇ ಯಾವುದೋ ಹೆಸರು ಬದಲಿಸಿದ್ದಳು;
ಟೇಪಿಗೆ ಯಾರೂ ತಿಳಿಸಿರಲಿಲ್ಲ.
ಮುನ್ನೂರು ಟೇಪು, ಮುನ್ನೂರು ಸಹಿ, ದುಂಡಗಿನ ನನ್ನ ಅಕ್ಷರ.
ಖಾಲಿ ಕಣಜಕ್ಕೆ ಆರು ವರ್ಷ ಕಾವಲು ಕೂತಿದ್ದೆ.

ಈಗ ಒಂದೇ ಸಾಲು ತಿದ್ದಬೇಕು, ಆಮೇಲೆ ನಕಲು ಮಾಡಬೇಕು.
ಅಂದರೆ ಮುಟ್ಟಬೇಕು.
ಅಷ್ಟು ಹಳೆಯ ಡಿಸ್ಕಿಗೆ ಓದಿಸಿಕೊಳ್ಳುವುದೂ ಆಯಾಸವೇ,
ಓದುತ್ತಲೇ ಸತ್ತರೆ?
ಹಾವೂ ಸಾಯಬಾರದು ಕೋಲೂ ಮುರಿಯಬಾರದು, ಸರಿ,
ಈ ಕೋಣೆಯಲ್ಲಿ ಹಾವು ಯಾವುದು, ಕೋಲು ಯಾವುದು?

ಆ ಸಾಲನ್ನು ಮೂರು ಸಲ ಗಟ್ಟಿಯಾಗಿ ಓದಿದಳು.
ನಾನು ನೆಲಮಾಳಿಗೆಗಿಳಿದು
ದೊಡ್ಡ ವಾಲ್ವಿನ ಚಕ್ರದ ಮೇಲೆ ಎರಡೂ ಕೈಯಿಟ್ಟೆ.
ಮೇಲೆ ಸತ್ತರೆ, ಕೆಳಗೆ ನಾನು ತಿರುಗಿಸುವುದು;
ಝೆಂತಾ ಕಲಿಸಿದ್ದಳು, ಎಷ್ಟು ಸುತ್ತೆಂದು.
ನಲವತ್ತು ನಿಮಿಷ. ಪೈಪಿನ ಬಿಸಿ ಕೈಗವುಸು ದಾಟಿ ಬಂತು.
ಒತ್ತಡದ ಮುಳ್ಳು ಆರರ ಮೇಲೊಂದು ಕೂದಲೆಳೆ.
ಮಗಳ ಹೆರಿಗೆಯ ದಿನವೂ ಹೀಗೆ ಕಾದಿರಲಿಲ್ಲ,
ಆ ದಿನ ರಾತ್ರಿಪಾಳಿಯಲ್ಲಿದ್ದೆ.

ಗೋಡೆಯ ಫೋನು ಹೊಡೆದುಕೊಂಡಿತು.
ಸೊನ್ನೆ ಅಲ್ಲ, ಎಂದಳು. ಅಷ್ಟೇ.

ಉಗ್ರಾಣದ ಡಬ್ಬಿ ಆ ನಕಲಿನಿಂದ
ಮೊದಲ ಸಲ ತಪ್ಪಿತು, ಎರಡನೆಯ ಸಲ ಎದ್ದಿತು,
ಗಡಿಯಾರ ಮಾತ್ರ ಎಪ್ಪತ್ತರ ದಶಕದಲ್ಲಿತ್ತು.
ಇರಲಿ, ಎಂದೆವು.

ಮೇಲೆ ಬಂದು ನೋಡುತ್ತೇನೆ, ಚೀಟಿ ಕಿತ್ತಿಲ್ಲ.
ಮುಟ್ಟಬೇಡಿ ಎಂಬುದರ ಕೆಳಗೆ ಪೆನ್ಸಿಲಿನಲ್ಲಿ
ಏಪ್ರಿಲ್‌ವರೆಗೆ, ಎಂದು ಸೇರಿಸಿದ್ದಾಳೆ.

ಬೆಳಗಾಯಿತು. ಚಿಮಣಿಯ ಹೊಗೆ ನೆಟ್ಟಗೆ.
ಎದುರಿನ ಏಳನೇ ಬ್ಲಾಕಿನ ಮೂರನೇ ಮಹಡಿಯಲ್ಲಿ
ಯಾರೋ ಸೆಖೆಯೆಂದು ಕಿಟಕಿ ಹಾರುಹೊಡೆದಿದ್ದಾರೆ.